ಒಳಚರಂಡಿ ಪೈಪಿನ ಗ್ಲೇಜ್, ಸಾಕೆ ಕುಡಿಯುವ ಬಟ್ಟಲಿಗೆ

ಎತ್ತರ 5 ಸೆಂ.ಮೀ. ಬಾಯಿ ಆರೂವರೆ. ತೂಕ 118 ಗ್ರಾಂ. ಅಂಚಿನವರೆಗೆ ತುಂಬದೆ ಹದವಾಗಿ ಹಾಕಿದರೆ 70 ಮಿ.ಲೀ. ಹಿಡಿಯುತ್ತದೆ. ಬೆಲೆ ತೆರಿಗೆ ಸೇರಿ 6,600 ಯೆನ್, ಅಂದರೆ ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ ನಾಲ್ಕು ಸಾವಿರ. ಒಂದು ಗುಟುಕು ಸಾಕೆ, ಅಂದರೆ ಜಪಾನಿನ ಅಕ್ಕಿ ಮದ್ಯ, ಕುಡಿಯುವ ಬಟ್ಟಲಿಗೆ ಇಷ್ಟು ಕೊಡಬೇಕಾ ಅಂತ ಕೇಳುವವರಿಗೆ ಉತ್ತರ ಕೊನೆಗೆ ಕೊಡುತ್ತೇನೆ. ಮೊದಲು ವಸ್ತು ಏನು ಅಂತ ನೋಡೋಣ.

ಜಪಾನಿನಲ್ಲಿ ಸಾಕೆ ಬಟ್ಟಲುಗಳು ಮುಖ್ಯವಾಗಿ ಎರಡು ಥರ. ಚಿಕ್ಕದು ಒಚೊಕೊ, ಅದಕ್ಕಿಂತ ದೊಡ್ಡದು, ಕೈತುಂಬ ಬರುವಂಥದ್ದು ಗುಯಿನೊಮಿ. ನಾನು ತೆಗೆದುಕೊಂಡದ್ದು ಗುಯಿನೊಮಿ. ತಿಗರಿಯ ಮೇಲೆ ಮಾಡಿ, ಅರ್ಧ ಒಣಗಿದ ಮೇಲೆ ಹೊರಮೈಯನ್ನು ತಂತಿಯಿಂದ ಕೊಯ್ದು ಎಂಟು ಮುಖ ಮಾಡಿದ್ದಾರೆ. ಚಿತ್ರ ಇಲ್ಲ, ಹೂವು ಇಲ್ಲ. ಹೊರಗೆ ಉಪ್ಪಿನ ಗ್ಲೇಜ್, ಒಳಗೆ ತೆಳುಹಸಿರು ಬೂದಿ ಗ್ಲೇಜ್. ಗ್ಲೇಜ್ ಅಂದರೆ ಸುಟ್ಟ ಮಣ್ಣಿನ ಮೇಲಿನ ಗಾಜಿನಂಥ ಪದರ. ಮಾಡಿದವರು ಟೊಕೊನಾಮೆ ಊರಿನ ಕುಂಬಾರರು, ಗ್ಯಾಸಿನ ಗೂಡಿನಲ್ಲಿ ಸುಡುತ್ತಾರಂತೆ.

ನಾನು ದಾವಣಗೆರೆಯವನು. ಒಳಚರಂಡಿ ಕೆಲಸದಲ್ಲೇ ತಲೆಗೂದಲು ಬೆಳ್ಳಗಾದ ನಿವೃತ್ತ ಇಂಜಿನಿಯರ್. ಮಗಳು ಅಳಿಯ ನಗೋಯಾದಲ್ಲಿದ್ದಾರೆ, ಹಾಗಾಗಿ ಜಪಾನ್ ಓಡಾಟ. ಮಣ್ಣಿನ ಕಲೆ ಬಗ್ಗೆ ಮಾತಾಡುವ ಅರ್ಹತೆ ನಿನಗೇನಿದೆ ಅಂತ ಯಾರಾದರೂ ಕೇಳಿದರೆ ಒಂದೇ ಮಾತು: ಈ ಗ್ಲೇಜನ್ನು ನಾನು ಕಿಲೋಮೀಟರ್‌ಗಟ್ಟಲೆ ನೆಲದಲ್ಲಿ ಹೂತಿದ್ದೇನೆ. ಪಿವಿಸಿ ಬರುವ ಮುಂಚೆ ಮನೆಯಿಂದ ರಸ್ತೆಯ ಮ್ಯಾನ್‌ಹೋಲ್‌ವರೆಗೆ ನಾವು ಹಾಕುತ್ತಿದ್ದ ಆ ಕಂದು, ಮಿರಿಮಿರಿ ಸ್ಟೋನ್‌ವೇರ್ ಪೈಪು ನೆನಪಿದೆಯಲ್ವಾ? ಎಸ್‌ಡಬ್ಲ್ಯೂ ಪೈಪು. ಅದರ ಮೇಲಿದ್ದದ್ದು ಇದೇ ಉಪ್ಪಿನ ಗ್ಲೇಜ್. ಐಎಸ್ 651 ಅಂತ ಅದಕ್ಕೊಂದು ಮಾನಕವೇ ಇದೆ. ಸೆಣಬಿನ ನೂಲನ್ನು ಸಿಮೆಂಟ್ ಹಾಲಿನಲ್ಲಿ ಅದ್ದಿ ಜಾಯಿಂಟಿಗೆ ತುರುಕಿ, ಮೇಲೆ ಗಾರೆ ಕಟ್ಟುತ್ತಿದ್ದೆವು. ಈಗಿನ ಹುಡುಗರು ಅದನ್ನು ನೋಡಿರುವುದೂ ಅನುಮಾನ.

ಟೊಕೊನಾಮೆಗೆ ನಗೋಯಾದಿಂದ ಮೆಯ್ಟೆತ್ಸು ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಹೋಗಬಹುದು. ನಗೋಯಾದ ವಿಮಾನ ನಿಲ್ದಾಣ ಇರುವುದೇ ಆ ಊರಿನಲ್ಲಿ, ಸಮುದ್ರದಲ್ಲಿ ಮಣ್ಣು ತುಂಬಿ ಕಟ್ಟಿದ್ದು. ಬಹಳ ಜನ ವಿಮಾನ ಇಳಿದು ಸೀದಾ ನಗೋಯಾಕ್ಕೆ ಓಡುತ್ತಾರೆ. ಜಪಾನಿನ ಆರು ಪುರಾತನ ಕುಂಬಾರಿಕೆ ಊರುಗಳಲ್ಲಿ ಇದೊಂದು. ಸುಮಾರು 12ನೇ ಶತಮಾನದಿಂದ ಇಲ್ಲಿ ಗೂಡು ಉರಿಯುತ್ತಲೇ ಇದೆ. ಪ್ರವಾಸಿಗರಿಗೆ ಗೊತ್ತಿರುವುದು ಇಲ್ಲಿನ ಕೆಂಪು ಮಣ್ಣಿನ ಟೀ ಕುಡಿಕೆ ಮತ್ತು ಗುಡ್ಡದ ಮೇಲಿಂದ ಇಣುಕುವ ದೊಡ್ಡ ಬೆಕ್ಕಿನ ತಲೆ. ಬೆಕ್ಕಿನ ಬಗ್ಗೆ ನನಗೆ ಹೇಳಲು ಏನೂ ಇಲ್ಲ.

ನನ್ನನ್ನು ನಿಲ್ಲಿಸಿದ್ದು ಡೊಕಾನ್‌ಜಾಕಾ ಅನ್ನುವ ಇಳಿಜಾರು ಓಣಿ. ಒಂದು ಕಡೆ ಗೋಡೆಗೆ ಮೇಜಿ ಕಾಲದ (1868–1912) ಮಣ್ಣಿನ ಪೈಪುಗಳನ್ನು ಪೇರಿಸಿದ್ದಾರೆ, ಇನ್ನೊಂದು ಕಡೆ ಶೋವಾ ಕಾಲದ (1926–1989) ಶೋಚು, ಅಂದರೆ ಬಟ್ಟಿ ಇಳಿಸಿದ ಮದ್ಯದ, ಜಾಡಿಗಳು. ಕಾಲು ಜಾರದಿರಲಿ ಅಂತ ನೆಲಕ್ಕೆ, ಪೈಪು ಸುಡುವಾಗ ಅಡಿಗೆ ಕೊಡುತ್ತಿದ್ದ ಮಣ್ಣಿನ ಬಳೆಗಳನ್ನು ಹೂತಿದ್ದಾರೆ. ಇಡೀ ಓಣಿಯೇ ನನ್ನ ಸ್ಟೋರ್ ಯಾರ್ಡ್! ಮಗಳು ಫೋಟೋ ತೆಗೆಯುತ್ತಿದ್ದಳು, ನಾನು ಕಾಲರಿನ, ಅಂದರೆ ಪೈಪಿನ ಅಗಲ ಬಾಯಿಯ, ದಪ್ಪ ಅಳೆಯುತ್ತಿದ್ದೆ.

ಈ ಊರಿಗೂ ಪೈಪಿಗೂ ಗಟ್ಟಿ ನಂಟಿದೆ. 1870ರ ದಶಕದಲ್ಲಿ ಯೊಕೊಹಾಮಾದಲ್ಲಿ ವಿದೇಶಿಯರಿದ್ದ ಬಡಾವಣೆಗೆ ಚರಂಡಿ ಬೇಕಾಯಿತು. ಆಗ ಇಲ್ಲಿನ ಕೊಯೆ ಹೋಜು ಎಂಬ ಕುಂಬಾರ ಮರದ ಅಚ್ಚು ಬಳಸಿ ಒಂದೇ ಅಳತೆಯ ಪೈಪು ಮಾಡಿ ತೋರಿಸಿದ. ಆಮೇಲೆ ರೈಲು ಹಳಿಯ ಕೆಳಗೆ ಗದ್ದೆ ನೀರು ದಾಟಿಸಲು ಪೈಪು, ಊರೂರಿನ ಚರಂಡಿಗೆ ಪೈಪು. ಮುಂದೆ ಇಲ್ಲಿಯ ಪೈಪಿಗೂ ಉಪ್ಪಿನ ಗ್ಲೇಜ್ ಬಂತು. ಆ ಇಳಿಜಾರು ಓಣಿಯ ಹಾದಿಯಲ್ಲೇ ಮೇಲೆ ಹೋದರೆ 1887ರಲ್ಲಿ ಕಟ್ಟಿದ ಏರುಗೂಡು ಸಿಗುತ್ತದೆ. ಇಳಿಜಾರಿನಲ್ಲಿ ಎಂಟು ಕೋಣೆ, ಹಿಂದೆ ಹತ್ತು ಚಿಮಣಿ. 1974ರವರೆಗೆ ಉರಿಯಿತು. ಈಗ ಒಳಗೆ ಇಣುಕಿ ನೋಡಬಹುದು, ದುಡ್ಡು ಕೊಡಬೇಕಿಲ್ಲ.

ಬಟ್ಟಲು ಸಿಕ್ಕಿದ್ದು ಇದೇ ಹಾದಿಯ ಒಂದು ಪುಟ್ಟ ಅಂಗಡಿಯಲ್ಲಿ. ಹಳೇ ಪೈಪು ಕಾರ್ಖಾನೆಯ ಶೆಡ್ಡಿಗೆ ಬಾಗಿಲು ಕಿಟಕಿ ಇಟ್ಟು ಅಂಗಡಿ ಮಾಡಿದ್ದಾರೆ. ಕೈಗೆತ್ತಿಕೊಂಡ ತಕ್ಷಣ ಅಭ್ಯಾಸ ಬಲ, ಉಗುರಿನಿಂದ ಟಕ್ ಅಂತ ಹೊಡೆದೆ.

"ಅಪ್ಪಾ, ಅದು ಬಟ್ಟಲು. ಪೈಪಲ್ಲ. ಬಡೀಬೇಡ!" ಮಗಳಿಗೆ ಮುಜುಗರ.

ಆದರೆ ಅಂಗಡಿಯ ಹಿರಿಯಮ್ಮ ನಕ್ಕು, ತಾವೂ ಇನ್ನೊಂದು ಬಟ್ಟಲು ತೆಗೆದು ಟಕ್ ಅನ್ನಿಸಿದರು. ನಮ್ಮ ಸ್ಪೆಸಿಫಿಕೇಶನ್‌ನಲ್ಲೂ ಅದೇ ಇತ್ತು. ಹಗುರ ಸುತ್ತಿಗೆಯಿಂದ ತಟ್ಟಿದರೆ ಪೈಪು ಸ್ಪಷ್ಟವಾಗಿ ಕಣ್ ಅನ್ನಬೇಕು. ಮಂಕಾಗಿ ಡಬ್ ಅಂದರೆ ಎಲ್ಲೋ ಬಿರುಕಿದೆ, ಇಲ್ಲವೇ ಸರಿಯಾಗಿ ಬೆಂದಿಲ್ಲ. ಈ ಬಟ್ಟಲು ಕಣ್ ಅಂದಿತು. ಅರ್ಧ ವ್ಯಾಪಾರ ಅಲ್ಲೇ ಮುಗಿಯಿತು.

ಉಪ್ಪಿನ ಗ್ಲೇಜ್ ಅಂದರೆ ಏನು ಅಂತ ಹೇಳದಿದ್ದರೆ ಈ ಬೆಲೆ ಅರ್ಥವಾಗುವುದಿಲ್ಲ. ಸಾಮಾನ್ಯ ಗ್ಲೇಜ್ ಅಂದರೆ ಕಲ್ಲುಪುಡಿ, ಬೂದಿ, ಜೇಡಿಯನ್ನು ನೀರಿನಲ್ಲಿ ಕಲಸಿ, ಪಾತ್ರೆಯನ್ನು ಅದರಲ್ಲಿ ಅದ್ದಿ ಸುಡುವುದು. ಅದು ಮೇಲಿಂದ ಕೊಟ್ಟ ಲೇಪ. ಇಲ್ಲಿ ಪಾತ್ರೆಯ ಹೊರಮೈಗೆ ಏನೂ ಹಚ್ಚದೆ ಗೂಡಿಗೆ ಇಡುತ್ತಾರೆ. ಶಾಖ 1,200 ಡಿಗ್ರಿ ದಾಟಿ ಮಣ್ಣು ಕಲ್ಲಾಗುವ ಹೊತ್ತಿಗೆ, ಗೂಡಿನ ಕಿಂಡಿಗಳಿಂದ ಒಳಗೆ ಉಪ್ಪು ಹಾಕುತ್ತಾರೆ. ಅದೇ ಅಡುಗೆ ಉಪ್ಪು, ಸೋಡಿಯಂ ಕ್ಲೋರೈಡ್. ಚಟಪಟ ಸಿಡಿದು ಆವಿಯಾಗುತ್ತದೆ. ಆ ಆವಿಯ ಸೋಡಿಯಂ ಮಣ್ಣಿನಲ್ಲೇ ಇರುವ ಸಿಲಿಕಾ ಜೊತೆ ಸೇರಿ ಗಾಜಾಗುತ್ತದೆ. ಉಳಿದ ಕ್ಲೋರಿನ್ ನೀರಾವಿ ಜೊತೆ ಸೇರಿ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯಾಗಿ ಚಿಮಣಿಯಿಂದ ಹೋಗುತ್ತದೆ. ಸಾಕಷ್ಟು ಗ್ಲೇಜ್ ಕೂತಿತಾ ಅಂತ ನೋಡಲು ಮಣ್ಣಿನ ಸಣ್ಣ ಬಳೆಗಳನ್ನು ಮೊದಲೇ ಒಳಗಿಟ್ಟಿರುತ್ತಾರೆ. ಸಲಾಕೆಯಿಂದ ಒಂದೊಂದೇ ಹೊರಗೆಳೆದು ನೋಡಿ, ಸಾಲದಿದ್ದರೆ ಮತ್ತೆ ಉಪ್ಪು.

ಹಾಗಾಗಿ ಇದು ಮೇಲೆ ಬಳಿದ ಮೆರುಗಲ್ಲ, ಮಣ್ಣಿನದೇ ಚರ್ಮ. ಸಿಪ್ಪೆ ಸಿಪ್ಪೆಯಾಗಿ ಎದ್ದು ಬರುವುದಿಲ್ಲ. ಚರಂಡಿಗೆ ಇದನ್ನೇ ಆರಿಸಿದ್ದು ಅದಕ್ಕೇ. ಒಳಚರಂಡಿಯ ಗ್ಯಾಸಿನಿಂದ ಹುಟ್ಟುವ ಗಂಧಕಾಮ್ಲ ಸಿಮೆಂಟ್ ಪೈಪನ್ನು ಮೇಲ್ಭಾಗದಿಂದ ತಿನ್ನುತ್ತಾ ಬರುತ್ತದೆ. ಉಪ್ಪಿನ ಗ್ಲೇಜಿನ ಪೈಪಿಗೆ ಏನೂ ಆಗುವುದಿಲ್ಲ. ಹಳೇ ಲೈನ್ ಅಗೆಸಿದಾಗ ಜಾಯಿಂಟ್ ಹೋಗಿರುತ್ತದೆ, ಬೇರು ನುಗ್ಗಿರುತ್ತದೆ, ಆದರೆ ಪೈಪಿನ ಮೈ ತೊಳೆದರೆ ಹೊಸದು. ಆ ಮೈಯನ್ನೇ ಈಗ ತುಟಿಗೆ ಹಚ್ಚುತ್ತಿದ್ದೇನೆ. ನಮ್ಮ ಹಳೇ ಗುತ್ತಿಗೆದಾರರಿಗೆ ಹೇಳಿದರೆ ನಗುತ್ತಾರೆ.

ಈ ವಿದ್ಯೆ ಜಪಾನಿನದೇ ಅಲ್ಲ. ಜರ್ಮನಿಯ ರೈನ್ ನದಿ ಕಡೆಯ ಕುಂಬಾರರು ಮಧ್ಯಯುಗದ ಕೊನೆಯಲ್ಲೇ ಇದನ್ನು ಮಾಡುತ್ತಿದ್ದರು, ಬಿಯರ್ ಹೂಜಿಗೆ. ಅಲ್ಲಿಂದ ಇಂಗ್ಲೆಂಡ್. ಲಂಡನ್ನಿನಲ್ಲಿ ಹೆನ್ರಿ ಡೌಲ್ಟನ್ 1846ರಲ್ಲಿ ಸ್ಟೋನ್‌ವೇರ್ ಚರಂಡಿ ಪೈಪಿಗೇ ಒಂದು ಕಾರ್ಖಾನೆ ತೆರೆದ. ಜಪಾನಿನಲ್ಲಿ ಪೈಪಿನ ಆಚೆ ಇದಕ್ಕೊಂದು ಕಲೆಯ ಸ್ಥಾನ ಸಿಗುವಂತೆ ಮಾಡಿದ್ದು ಮಶಿಕೊ ಊರಿನ ಹಮಾದಾ ಶೋಜಿ. 1955ರಲ್ಲಿ ಜಪಾನ್ ಸರ್ಕಾರ ಇವರನ್ನು 'ಜೀವಂತ ರಾಷ್ಟ್ರೀಯ ನಿಧಿ' ಅಂತ ಗೌರವಿಸಿತು. ಯುರೋಪ್ ಸುತ್ತಿ ಬಂದವರು, 1950ರ ದಶಕದಲ್ಲಿ ಉಪ್ಪಿನ ಗ್ಲೇಜ್ ಕೆಲಸ ಶುರು ಮಾಡಿದರು. ಇವರ ಶಿಷ್ಯ ಶಿಮಾಓಕಾ ತಾತ್ಸುಜೋ ಹಗ್ಗದ ಗುರುತು ಒತ್ತಿದ ತಮ್ಮ ಪಾತ್ರೆಗಳಿಗೆ ಇದನ್ನು ಬಳಸಿದರು. ಈಗ ಇದನ್ನು ಮಾಡುವವರು ಬಹಳ ಇಲ್ಲ, ಕಾರಣ ಸರಳ. ಆಮ್ಲದ ಹೊಗೆ ಅಂದರೆ ಅಕ್ಕಪಕ್ಕದವರು ಸುಮ್ನೆ ಬಿಡುತ್ತಾರಾ? ಜೊತೆಗೆ ಉಪ್ಪಿನ ಆವಿ ಪಾತ್ರೆಗೆ ಮಾತ್ರ ಅಂಟುವುದಿಲ್ಲ. ಗೂಡಿನ ಇಟ್ಟಿಗೆ, ಒಳಗಿನ ಹಲಗೆ, ಎಲ್ಲಕ್ಕೂ ಗಾಜು ಕೂರುತ್ತದೆ. ಒಮ್ಮೆ ಉಪ್ಪು ತಿಂದ ಗೂಡು ಮತ್ತೆ ಬೇರೆ ಕೆಲಸಕ್ಕೆ ಬಾರದು, ಇಟ್ಟಿಗೆಯೂ ಬೇಗ ಸವೆಯುತ್ತದೆ. 6,600 ಯೆನ್‌ನಲ್ಲಿ ಆ ಇಟ್ಟಿಗೆಯ ಪಾಲೂ ಇದೆ.

ಇನ್ನು ಬಟ್ಟಲಿಗೆ ಬರೋಣ. ಮೈ ಮುಟ್ಟಿದರೆ ಸಣ್ಣ ಸಣ್ಣ ಗುಳಿ, ಕಿತ್ತಳೆ ಸಿಪ್ಪೆ ಹೇಗಿರುತ್ತದೋ ಹಾಗೆ. ಎಲ್ಲ ಕಡೆ ಒಂದೇ ಸಮ ಇಲ್ಲ. ಗೂಡಿನಲ್ಲಿ ಉಪ್ಪಿನ ಕಿಂಡಿಗೆ ಎದುರಾಗಿದ್ದ ಮೂರು ಮುಖಗಳಲ್ಲಿ ಗ್ಲೇಜ್ ಜಾಸ್ತಿ, ಬೂದು ಕಂದು, ಒದ್ದೆ ಹೊಳಪು. ಹಿಂದಿನ ಮುಖಗಳು ಬಹುತೇಕ ಒಣ, ತೆಳು ಕೇಸರಿ. ಆವಿ ಯಾವ ಕಡೆಯಿಂದ ಬಂತು ಅಂತ ಬಟ್ಟಲು ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಎಂಟು ಮುಖ ಕೊಯ್ದದ್ದು ಚಂದಕ್ಕೆ ಮಾತ್ರ ಅಂದುಕೊಳ್ಳಬೇಡಿ. ಮುಖ ಮುಖ ಸೇರುವ ಏಣುಗಳಲ್ಲಿ ಗ್ಲೇಜ್ ತೆಳುವಾಗಿ ಮಣ್ಣಿನ ಬಣ್ಣ ಗೆರೆಯಾಗಿ ಕಾಣುತ್ತದೆ, ಹಿಡಿದಾಗ ಬೆರಳೂ ಜಾರುವುದಿಲ್ಲ. ಅಂಚಿನ ಹತ್ತಿರ ಒಂದು ಕಡೆ ಹಸಿರು ಹನಿ ಬಿದ್ದಿದೆ. ಗೂಡಿನ ಕಮಾನಿನಲ್ಲಿ ಕೂತ ಗಾಜು ಕರಗಿ ತೊಟ್ಟಿಕ್ಕಿದ್ದು. ಸೈಟಿನಲ್ಲಿ ಇಂಥ ಹನಿ ಕಾಲರಿನ ಒಳಗೆ ಬಿದ್ದ ಪೈಪು ಬಂದಿದ್ದರೆ ಪಕ್ಕಕ್ಕೆ ಇಡಿಸುತ್ತಿದ್ದೆ. ಇಲ್ಲಿ ಅಂಗಡಿಯಮ್ಮ ಅದನ್ನೇ ಮೊದಲು ಬೆರಳಿಟ್ಟು ತೋರಿಸಿದರು.

ಒಳಗೆ ಯಾಕೆ ಬೇರೆ ಗ್ಲೇಜ್? ಆವಿ ಬಟ್ಟಲಿನ ತಳದವರೆಗೆ ಸರಿಯಾಗಿ ಇಳಿಯುವುದಿಲ್ಲ. ಅದಕ್ಕೇ ಒಳಮೈಗೆ ಮಾತ್ರ ಮೊದಲೇ ಬೂದಿ ಗ್ಲೇಜ್ ಹುಯ್ದಿರುತ್ತಾರೆ. ತಳದಲ್ಲಿ ಅದು ಸೇರಿಕೊಂಡು ದಪ್ಪ ಹಸಿರಾಗಿದೆ. ನೋಡಲು ಚೆನ್ನ. ಆದರೆ ಸಾಕೆಯ ಬಣ್ಣ, ತಿಳಿ ಯಾವುದೂ ಕಾಣುವುದಿಲ್ಲ. ಸಾಕೆಯನ್ನು ಪರೀಕ್ಷೆ ಮಾಡುವವರು ಬಿಳಿ ಬಟ್ಟಲಿನ ತಳದಲ್ಲಿ ಎರಡು ನೀಲಿ ಉಂಗುರ ಇರುವುದನ್ನೇ ಬಳಸುವುದು ಇದಕ್ಕೇ. ಬಿಳುಪಿನ ಮೇಲೆ ಬಣ್ಣ, ನೀಲಿಯ ಅಂಚಿನಲ್ಲಿ ತಿಳಿ ಗೊತ್ತಾಗುತ್ತದೆ. ಇದು ಪರೀಕ್ಷೆಯ ಬಟ್ಟಲಲ್ಲ.

ಕುಡಿದು ನೋಡಿದ್ದರಲ್ಲಿ ಟೊಕೊನಾಮೆಯದೇ ಸವಾದಾ ಸಾಕೆ ತಯಾರಕರ 'ಹಕುರೋ' ಇತ್ತು. 1848ರಿಂದ ನಡೆಯುತ್ತಿರುವ ಮನೆ. ಅಕ್ಕಿಯ ರುಚಿ ಗಟ್ಟಿಯಾಗಿರುವ, ಬಿಸಿ ಮಾಡಿದರೆ ಇನ್ನೂ ಅರಳುವ ಸಾಕೆ. ಕುಡಿಕೆಯನ್ನು ಬಿಸಿನೀರಿನಲ್ಲಿಟ್ಟು 40ರಿಂದ 45 ಡಿಗ್ರಿಗೆ ತಂದು ಹುಯ್ದರೆ ಈ ಬಟ್ಟಲಿಗೆ ಹೇಳಿ ಮಾಡಿಸಿದ್ದು. ತಳ ದಪ್ಪ, ಮೇಲೆ ಹೋಗುತ್ತಾ ತೆಳು. ಹಾಗಾಗಿ ಕೈಗೆ ಬೆಚ್ಚಗೆ ಸಿಗುತ್ತದೆ, ಸುಡುವುದಿಲ್ಲ, ಬೇಗ ಆರುವುದೂ ಇಲ್ಲ. ಅಂಚನ್ನು ಎರಡೂವರೆ ಮಿ.ಮೀ.ಗೆ ಇಳಿಸಿ, ಒಂದೇ ಒಂದು ಚೂರು ಹೊರಕ್ಕೆ ಬಾಗಿಸಿದ್ದಾರೆ. ಕುಡಿದಾಗ ಸಾಕೆ ನಾಲಿಗೆಯ ತುದಿಗೆ ಸಣ್ಣದಾಗಿ ಇಳಿಯುತ್ತದೆ. ತುಟಿಗೆ ತಾಗುವ ಜಾಗದಲ್ಲಿ ಗ್ಲೇಜ್ ನುಣುಪು, ಅದರ ಕೆಳಗೆ ಗುಳಿ ಶುರು. ಇದು ತಾನಾಗಿ ಆದದ್ದಲ್ಲ. ಒಳಗಿನ ಬೂದಿ ಗ್ಲೇಜನ್ನು ಅಂಚಿನ ಮೇಲೆ ಬೆರಳಗಲ ಹೊರಕ್ಕೆ ಎಳೆದಿದ್ದಾರೆ. ಬಟ್ಟಲು ಮಾಡಿದವರು ಕುಡಿಯುವವರೂ ಹೌದು ಅಂತ ನನಗೆ ಖಾತ್ರಿಯಾದದ್ದು ಇಲ್ಲಿ.

ತಣ್ಣಗಿನ, ಹಣ್ಣಿನ ಘಮದ ದೈಗಿಂಜೋ ಸಾಕೆಗೆ ಇದು ಬೇಡ. ಬಾಯಿ ಅಗಲ, ಘಮ ನಿಲ್ಲುವುದಿಲ್ಲ. ದಪ್ಪ ತಳ ಫ್ರಿಜ್ಜಿನಿಂದ ತೆಗೆದ ಸಾಕೆಯನ್ನು ಬೇಗ ಮಂಕು ಮಾಡುತ್ತದೆ. ಅದಕ್ಕೆ ತೆಳು ಪಿಂಗಾಣಿ ಅಥವಾ ಗಾಜೇ ಸರಿ. ಅಳಿಯಂದಿರ ಹತ್ತಿರ ಬಿಜೆನ್ ಊರಿನ ಬಟ್ಟಲೊಂದಿದೆ, ಗ್ಲೇಜೇ ಇಲ್ಲದ್ದು. ಅದರ ಗಡಸು ಮೈ ಕೆಲವರಿಗೆ ಇಷ್ಟ. ನನಗೆ ತುಟಿಗೆ ಒರಟು ಅನ್ನಿಸಿತು. ಹಾಗಿ ಊರಿನ ಬಟ್ಟಲು ಮೆತ್ತನೆಯ ಮಣ್ಣಿನದು, ಚೂರು ಚೂರೇ ದ್ರವ ಹೀರುತ್ತದೆ, ವರ್ಷಗಳು ಹೋದಂತೆ ಬಣ್ಣ ಬದಲಾಗುತ್ತದೆ. ಅದನ್ನು ಇಷ್ಟಪಡುವ ಜನ ಜಪಾನಿನಲ್ಲಿ ಬಹಳ. ಉಪ್ಪಿನ ಗ್ಲೇಜ್ ಬದಲಾಗುವುದಿಲ್ಲ. ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಒರೆಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಅದೇ 118 ಗ್ರಾಂ. ನನ್ನಂಥವನಿಗೆ ಇದೇ ಸೊಗಸು.

ದೂರು ಇಲ್ಲದೇ ಇಲ್ಲ. ಗೂಡಿನ ಹಲಗೆಗೆ ಅಂಟಿಕೊಳ್ಳದಿರಲಿ ಅಂತ ಉಪ್ಪಿನ ಗೂಡಿನಲ್ಲಿ ಪಾತ್ರೆಯ ಅಡಿಗೆ ಮೂರು ಸಣ್ಣ ಮಣ್ಣಿನ ಉಂಡೆ ಕೊಡುತ್ತಾರೆ. ಪಾದದ ಬಳೆಯಲ್ಲಿ ಅದರ ಮೂರು ಬಿಳಿ ಗುರುತು ಉಳಿದಿದೆ. ಅದು ಇರಬೇಕಾದ್ದೇ. ಆದರೆ ಒಂದು ಗುರುತಿನ ಅಂಚು ಬ್ಲೇಡಿನಷ್ಟು ಚೂಪು. ಮಗಳ ಮನೆಯ ಮರದ ಮೇಜಿನ ಮೇಲೆ ಗೀರು ಬಿತ್ತು. ಈ ಬೆಲೆ ತೆಗೆದುಕೊಂಡ ಮೇಲೆ ಪಾದ ಉಜ್ಜುವುದು ಮಾರುವವರ ಕೆಲಸ, ಕೊಂಡವನದ್ದಲ್ಲ. ನಾನು ನೀರು ಹಾಕಿ ಉಜ್ಜುವ ಸಣ್ಣ ಉಪ್ಪುಕಾಗದ ತಂದು ಸರಿ ಮಾಡಿಕೊಂಡೆ, ಐದು ನಿಮಿಷದ ಕೆಲಸ. ಎಲ್ಲರೂ ಮಾಡಿಕೊಳ್ಳುತ್ತಾರಾ?

ಇನ್ನೊಂದು, ಪೆಟ್ಟಿಗೆ. ಕುಂಬಾರರ ಸಹಿ ಇರುವ ಮರದ ಪೆಟ್ಟಿಗೆ ಬೇಕಾದರೆ ಬೇರೆ ದುಡ್ಡು. ಪೆಟ್ಟಿಗೆ ಇದ್ದರೆ ಮುಂದೆ ಮಾರುವಾಗ ಬೆಲೆ ಬರುತ್ತದೆ ಅಂದರು. ನಾನು ಮಾರುವವನಲ್ಲ. ರಟ್ಟಿನ ಡಬ್ಬಿಯಲ್ಲಿ, ಒಂದು ಜೊತೆ ಕಾಲುಚೀಲದೊಳಗೆ, ಚೆಕ್-ಇನ್ ಸೂಟ್‌ಕೇಸಿನಲ್ಲಿ ದಾವಣಗೆರೆವರೆಗೆ ಒಂದು ಚೂರೂ ಮುಕ್ಕಾಗದೆ ಬಂತು.

ಊರಲ್ಲಿ ಸಾಕೆ ಎಲ್ಲಿ ಸಿಗಬೇಕು. ಈಗ ಇದರಲ್ಲಿ ಬೆಳಗಿನ ಕಾಫಿ ಕುಡಿಯುತ್ತೇನೆ, 70 ಮಿ.ಲೀ. ಬೈಟು ಅಳತೆಗೆ ಸರಿ. ಹಬೆಯಾಡುವ ಕಾಫಿ ಹುಯ್ದರೆ ಹಿಡಿಯಲಾಗುವುದಿಲ್ಲ, ಸ್ವಲ್ಪ ಆರಿಸಿಕೊಳ್ಳಬೇಕು. ಡಿಕಾಕ್ಷನ್ ಕಲೆ ಹೊರಗಿನ ಉಪ್ಪಿನ ಮೈಗೆ ಹಿಡಿಯುವುದಿಲ್ಲ, ನೀರಲ್ಲಿ ಒಮ್ಮೆ ಜಾಲಿಸಿದರೆ ಸಾಕು. ಒಳಗಿನ ಬೂದಿ ಗ್ಲೇಜಿನಲ್ಲಿ ಕೂದಲೆಳೆಯ ಗೆರೆಗಳಿವೆ, ಅಲ್ಲಿ ಮಾತ್ರ ಕಂದು ಬಣ್ಣ ಸ್ವಲ್ಪ ಸ್ವಲ್ಪವೇ ಇಳಿಯುತ್ತಿದೆ. ಮನೆಯವಳು ಅದನ್ನು ನೋಡಿ, "ಇಷ್ಟು ದುಡ್ಡು ಕೊಟ್ಟು ಬಿರುಕು ಬಿಟ್ಟಿದ್ದು ತಂದ್ರಾ?" ಅಂದಳು. ಬಿರುಕಲ್ಲ, ಗ್ಲೇಜ್ ಆರುವಾಗ ಮಣ್ಣಿಗಿಂತ ಜಾಸ್ತಿ ಕುಗ್ಗಿದರೆ ಹಾಗಾಗುತ್ತದೆ ಅಂತ ವಿವರಿಸಿದೆ. ಆಕೆ ಸ್ಟೀಲ್ ಲೋಟದಲ್ಲೇ ಕುಡಿಯುತ್ತಾಳೆ.

ಹಾಗಾದರೆ ನಾಲ್ಕು ಸಾವಿರ ಕೊಡಬಹುದಾ? ಬೆಚ್ಚಗಿನ ಸಾಕೆ ಇಷ್ಟಪಡುವವರಾದರೆ, ಒಂದೇ ಬಟ್ಟಲು ಇಟ್ಟುಕೊಳ್ಳುವವರಾದರೆ, ಕೊಡಿ. ಸೆಟ್ ಬೇಕು, ಆರೂ ಒಂದೇ ಥರ ಇರಬೇಕು ಅನ್ನುವವರು ಬೇಡ. ಒಂದೇ ಗೂಡಿನಿಂದ ಬಂದ ಎರಡು ಬಟ್ಟಲೂ ಇಲ್ಲಿ ಒಂದೇ ಥರ ಇರುವುದಿಲ್ಲ. ಆನ್‌ಲೈನಿನಲ್ಲಿ ಫೋಟೋ ನೋಡಿ ತರಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಫೋಟೋದವರು ಹೊಳೆಯುವ ಕಡೆಯನ್ನೇ ತೋರಿಸುತ್ತಾರೆ, ಒಣ ಕಡೆಯನ್ನೂ ಪಾದವನ್ನೂ ತೋರಿಸುವುದಿಲ್ಲ. ಟೊಕೊನಾಮೆಗೆ ಹೋದವರು ಬೆಳಿಗ್ಗೆಯೇ ಹೋಗಿ, ಅಂಗಡಿಗಳು ಸಂಜೆ ಬೇಗ ಬಾಗಿಲು ಹಾಕುತ್ತವೆ. ಬಟ್ಟಲು ತಿರುಗಿಸಿ ಪಾದದ ಮೇಲೆ ಬೆರಳಾಡಿಸಿ. ಅಂಚನ್ನು ಕೆಳತುಟಿಗೆ ತಾಗಿಸಿ ನೋಡಬಹುದಾ ಅಂತ ಕೇಳಿ ನೋಡಿ; ನಮ್ಮ ಅಂಗಡಿಯಮ್ಮ ನಗುತ್ತಾ ಬೇಡ ಅಂದರು, ಬೆರಳಿನಿಂದ ನೋಡಿ ಅಂದರು. ಉಗುರಿನಿಂದ ತಟ್ಟುವುದಕ್ಕೆ ಮಾತ್ರ ಯಾರೂ ಬೇಡ ಅನ್ನಲಿಲ್ಲ.